ಊರಿನ ಕೌನ್ಸಿಲರೇ ಅಪ್ಪ-ಅಮ್ಮ!

ಕೌನ್ಸಿಲರ್ ಎಂದರೆ ನಮಗೆ ನೆನಪಾಗುವುದು ನಲ್ಲಿ ನೀರು, ಚರಂಡಿ, ಬೀದಿದೀಪ. ಇಂಗ್ಲೆಂಡಿನಲ್ಲಿ ಅವರಿಗೆ ಇನ್ನೊಂದು ಹೊಣೆಯೂ ಉಂಟು. ಅದು ತಂದೆತಾಯಿಯ ಹೊಣೆ.

ಹೆತ್ತವರು ನೋಡಿಕೊಳ್ಳಲಾರದ, ಇಲ್ಲವೇ ಮನೆಯಲ್ಲೇ ಹಿಂಸೆಗೆ ಸಿಕ್ಕಿದ ಮಕ್ಕಳನ್ನು ಅಲ್ಲಿ ಸ್ಥಳೀಯ ಆಡಳಿತವೇ ಸಲಹುತ್ತದೆ. 2023ರ ಮಾರ್ಚ್ ಕೊನೆಗೆ ಇಂಥ ಮಕ್ಕಳು 83,840. ಹೆಚ್ಚಿನವರು ಬೆಳೆಯುವುದು ಸಾಕುಪೋಷಕರ ಮನೆಗಳಲ್ಲಿ. ಈ ಮಕ್ಕಳಿಗೆ ನೀವೂ ಪಾಲಕರೇ ಎಂದು 1998ರಲ್ಲಿ ಆರೋಗ್ಯ ಸಚಿವ ಫ್ರಾಂಕ್ ಡಾಬ್ಸನ್ ಕೌನ್ಸಿಲರುಗಳಿಗೆ ಪತ್ರ ಬರೆದರು. 2017ರ ಕಾಯ್ದೆ ಈ ಹೊಣೆಗೆ ಏಳು ಸೂತ್ರಗಳನ್ನು ಹಾಕಿಕೊಟ್ಟಿತು.

ಕೌನ್ಸಿಲರ್ ಮಾಡುವುದೇನು? ಅಧಿಕಾರಿಗಳನ್ನು ಕೇಳುವುದು. ಮಗು ವರ್ಷದಲ್ಲಿ ಎಷ್ಟು ಮನೆ ಬದಲಿಸಿತು? ಶಾಲೆ ತಪ್ಪಿತೇ? ಹಲ್ಲಿನ ತಪಾಸಣೆ ಆಯಿತೇ? ಪಾಲನೆಯಲ್ಲಿರುವ ಮಕ್ಕಳದೇ ಮಂಡಳಿಗಳೂ ಇವೆ. ಅವರ ದೂರನ್ನು ಎದುರಿಗೇ ಕೂತು ಆಲಿಸಬೇಕು. ಮಕ್ಕಳ ಓದನ್ನು ಗಮನಿಸಲು ಪ್ರತ್ಯೇಕ ಅಧಿಕಾರಿ ಇರಲೇಬೇಕೆಂದು 2014ರ ಕಾಯ್ದೆ ಹೇಳಿತು. ಹದಿನೆಂಟು ತುಂಬಿತೆಂದು ಕೈಬಿಡುವಂತಿಲ್ಲ. ಬೇಕೆಂದವರಿಗೆ 25ರವರೆಗೂ ಸಲಹೆಗಾರರ ನೆರವುಂಟು.

ಆದರೂ ಕೊರತೆ ನೀಗಿಲ್ಲ. ಸುಮಾರು ಐವರಲ್ಲಿ ಒಬ್ಬರು ಹುಟ್ಟೂರಿನ ಮನೆಯಿಂದ 20 ಮೈಲಿಗೂ ದೂರದಲ್ಲಿದ್ದಾರೆ. ಗೆಳೆಯರು, ಒಡಹುಟ್ಟಿದವರು ದೂರವಾಗುತ್ತಾರೆ. ಅದಕ್ಕೇ ಅಲ್ಲಿ ಕೌನ್ಸಿಲರ್ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: 'ನನ್ನ ಮಗುವಾಗಿದ್ದರೆ ಇಷ್ಟು ಸಾಕೆನ್ನುತ್ತಿದ್ದೆನೇ?'