ದುಡಿಮೆಯನ್ನು ಅಳೆಯುವ ವಿದ್ಯೆ

ಎಂಜಿನಿಯರ್ ಎಂದೊಡನೆ ಅಣೆಕಟ್ಟು, ಸೇತುವೆ, ಯಂತ್ರಗಳು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಇಂತಹ ಯಾವ ವಸ್ತುವನ್ನೂ ನಿರ್ಮಿಸದೆ, ದುಡಿಮೆ ನಡೆಯುವ ಕ್ರಮವನ್ನೇ ರೂಪಿಸುವ ಎಂಜಿನಿಯರರೂ ಉಂಟು. ಅವರು ಕಲಿಯುವ ಶಾಸ್ತ್ರವೇ ಕೈಗಾರಿಕಾ ಎಂಜಿನಿಯರಿಂಗ್ ಮತ್ತು ನಿರ್ವಹಣೆ. ಜನ, ಯಂತ್ರ, ಸಾಮಗ್ರಿ, ಕಾಲ, ಹಣ ಇವು ಪೋಲಾಗದಂತೆ ಹೊಂದಿಸುವುದು ಅದರ ಗುರಿ.

ಈ ಶಾಸ್ತ್ರದ ಮೊದಲಿಗರಲ್ಲಿ ಒಬ್ಬನಾದ ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ತಾರುಣ್ಯದಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಕಲಿತವನು. ಒಂದೊಂದು ಇಟ್ಟಿಗೆಗೂ ಕೆಲಸಗಾರನು ನೆಲಕ್ಕೆ ಬಗ್ಗಿ ಏಳುವುದನ್ನು ಆತನು ಗಮನಿಸಿದನು. ಎತ್ತಬೇಕಾದುದು ಒಂದು ಇಟ್ಟಿಗೆ. ಅದರೊಡನೆ ಎತ್ತುತ್ತಿದ್ದುದು ತನ್ನ ಮೈಭಾರ! ಇಟ್ಟಿಗೆ, ಗಾರೆಗಳು ಕೈಗೆಟುಕುವ ಎತ್ತರದಲ್ಲಿರುವಂತೆ ಗಿಲ್ಬ್ರೆತ್ ಅಟ್ಟಣೆಯೊಂದನ್ನು ರೂಪಿಸಿದನು. ಒಂದು ಇಟ್ಟಿಗೆಗೆ 18 ಇದ್ದ ಚಲನೆಗಳು 5ಕ್ಕೆ ಇಳಿದವು. ಕೆಲಸವೂ ಹೆಚ್ಚಿತು, ಬೆನ್ನೂ ಉಳಿಯಿತು.

ಎಲ್ಲ ಅಳತೆಯೂ ಹೀಗೆ ಉಪಕಾರವಾಗಲಿಲ್ಲ. ಅದೇ ಕಾಲದ ಫ್ರೆಡರಿಕ್ ಟೇಲರ್ ಕೆಲಸವನ್ನು ತುಂಡುತುಂಡಾಗಿ ವಿಂಗಡಿಸಿ, ಒಂದೊಂದಕ್ಕೂ ತಗಲುವ ಕಾಲವನ್ನು ಗಡಿಯಾರ ಹಿಡಿದು ಗೊತ್ತುಮಾಡುವ ಪದ್ಧತಿಯನ್ನು ಬೆಳೆಸಿದನು. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರಕ್ಕೆ ಈ ಪದ್ಧತಿ ಬಂದಾಗ ಎರಕದ ಕೆಲಸಗಾರರು ಮುಷ್ಕರ ಹೂಡಿದರು. ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತು ತಮ್ಮ ದುಡಿಮೆಯನ್ನು ಅಳೆಯುವುದು ಅವರಿಗೆ ಅವಮಾನವೆನಿಸಿತು. 1915ರಲ್ಲಿ ಆ ದೇಶದ ಸಂಸತ್ತು ಸರ್ಕಾರಿ ಶಸ್ತ್ರಾಗಾರಗಳಲ್ಲಿ ಇಂತಹ ಕಾಲಮಾಪನಕ್ಕೆ ಹಣ ಬಳಸುವುದನ್ನು ನಿಷೇಧಿಸಿತು.

ಇಂದಿನ ವಿದ್ಯಾರ್ಥಿ ಕಲಿಯುವ ಕಾಲಮಾಪನವು ಗಡಿಯಾರದ ಮುಳ್ಳನ್ನು ಮಾತ್ರ ನಂಬುವುದಿಲ್ಲ. ಕೆಲಸಗಾರನ ವೇಗ ಸಾಧಾರಣವೋ ಅಸಾಧಾರಣವೋ ಎಂದು ತೂಗಿ, ದಣಿವಿಗೂ ನೀರು ಕುಡಿಯುವಂತಹ ಅಗತ್ಯಗಳಿಗೂ ಕಾಲವನ್ನು ಕೂಡಿಸಿ, ಬಳಿಕವೇ ಒಂದು ಕೆಲಸದ ಪ್ರಮಾಣಕಾಲವನ್ನು ನಿಗದಿಮಾಡಬೇಕು.

ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಈ ಲೆಕ್ಕಕ್ಕೆ ನಿತ್ಯವೂ ಕೆಲಸವುಂಟು. ಮೂವರು ಮಹಿಳೆಯರು ಅಂಗಿಯ ಕಾಲರನ್ನು ಕೈಯಿಂದ ಕೈಗೆ ದಾಟಿಸಿ ಹೊಲಿಯುವರೆನ್ನೋಣ. ಮೊದಲನೆಯವರಿಗೆ 40 ಸೆಕೆಂಡು, ನಡುವಿನವರಿಗೆ 70, ಕೊನೆಯವರಿಗೆ 40 ಬೇಕು. ನಡುವಿನಾಕೆ ತಲೆಯೆತ್ತದೆ ದುಡಿದರೂ ಬಟ್ಟೆ ಆಕೆಯ ಮುಂದೆ ರಾಶಿಬೀಳುತ್ತದೆ. ಗಂಟೆಗೆ ಹೊರಬರುವುವು 51 ಕಾಲರುಗಳು ಮಾತ್ರ. ಆಕೆಯ ಕೆಲಸದಲ್ಲಿ ಹತ್ತು ಹತ್ತು ಸೆಕೆಂಡಿನಷ್ಟನ್ನು ಉಳಿದಿಬ್ಬರಿಗೆ ಹಂಚಿದರೆ ಮೂವರಿಗೂ 50 ಸೆಕೆಂಡಾಗಿ, ಗಂಟೆಗೆ 72 ಸಿದ್ಧವಾಗುತ್ತವೆ. ಯಾರ ಕೈಯೂ ಮೊದಲಿಗಿಂತ ವೇಗವಾಗಿ ಓಡಿಲ್ಲ. ಆದರೆ ಇಬ್ಬರಿಗಿದ್ದ ಬಿಡುವು ಹೋಯಿತು. ಹೆಚ್ಚಿದ 21 ಕಾಲರುಗಳ ಲಾಭದಲ್ಲಿ ಇವರ ಪಾಲೆಷ್ಟು ಎಂಬುದನ್ನು ಗಣಿತ ಹೇಳಲಾರದು; ಲೆಕ್ಕ ಹಾಕಿದ ಎಂಜಿನಿಯರು ಒಡೆಯರ ಮುಂದೆ ಅದನ್ನು ಹೇಳಬಲ್ಲರು.

ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿದವರಿಗೆ ಇದು 4 ವರ್ಷಗಳ ವ್ಯಾಸಂಗ. ಬೆಂಗಳೂರಿನ ಕೆಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಶಾಖೆಯುಂಟು. ಮುಂಬಯಿಯಲ್ಲಿ ಈ ವಿದ್ಯೆಗೆಂದೇ 1963ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ 2023ರಲ್ಲಿ ಭಾರತೀಯ ನಿರ್ವಹಣಾ ಸಂಸ್ಥೆಗಳ ಸಾಲಿಗೆ ಸೇರಿತು. ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ದಾಸ್ತಾನಿನ ಲೆಕ್ಕಗಳ ಜೊತೆಗೆ ಕಂಪ್ಯೂಟರಿನ ಬಳಕೆಯೂ ಚೆನ್ನಾಗಿ ತಿಳಿದಿರಬೇಕು. ಶಾಖೆಯ ಹೆಸರಿನಲ್ಲೇ ಹುದ್ದೆಯನ್ನು ಹುಡುಕುವವರು ಎಷ್ಟೋ ವೇಳೆ ನಿರಾಶರಾಗುವರು. ಉತ್ಪಾದನಾ ಯೋಜನೆ, ಗುಣಮಟ್ಟ, ಸರಬರಾಜು ಎಂಬ ಹೆಸರುಗಳ ಹಿಂದೆ ಇವರಿಗೆ ಕೆಲಸ ಅಡಗಿರುತ್ತದೆ. ವಾಹನ, ವಿಮಾನಗಳ ಕಾರ್ಖಾನೆಗಳಲ್ಲದೆ ಉಗ್ರಾಣ, ಬ್ಯಾಂಕುಗಳಿಗೂ ಇವರು ಬೇಕು. ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ರೋಗಿ ಎಷ್ಟು ಹೊತ್ತು ನಿಲ್ಲಬೇಕು, ಇನ್ನೆಷ್ಟು ಕಿಟಕಿ ತೆರೆದರೆ ಸಾಲು ಕರಗೀತು ಎಂಬುದೂ ಇವರು ಬಿಡಿಸಬೇಕಾದ ಲೆಕ್ಕವೇ.