ಮಾರಿದ ಕುದುರೆಯ ಮರಿಮೊಮ್ಮಗ ಮನೆಗೆ ಬಂದ ಕಥೆ

ಕೈತಪ್ಪಿ ಹೋದ ಕುದುರೆ ವಂಶವನ್ನ ಒಂದು ದೇಶ ದುಡ್ಡು ಕೊಟ್ಟು ವಾಪಸ್ ತಂದ ಕಥೆ ಇವತ್ತು. ಜಾಗ, ಈಜಿಪ್ಟ್.

19ನೇ ಶತಮಾನದಲ್ಲಿ ಅಲ್ಲಿನ ದೊರೆ ಅಬ್ಬಾಸ್ ಪಾಷಾ, ಮರುಭೂಮಿಯ ಬೆಡೂಯಿನ್ ಜನರಿಂದ ಶ್ರೇಷ್ಠ ಅರೇಬಿಯನ್ ಕುದುರೆಗಳನ್ನು ಕೂಡಿಸಿದ್ದ. ಆತ ಸತ್ತ ಮೇಲೆ ಅವುಗಳಲ್ಲಿ ಎಷ್ಟೋ ಅಲಿ ಪಾಷಾ ಷರೀಫ್ ಎಂಬ ಶ್ರೀಮಂತನ ಲಾಯ ಸೇರಿದವು. ಕೊನೆಗಾಲದಲ್ಲಿ ಆತನೂ ಸಾಲಕ್ಕೆ ಸಿಕ್ಕಿಬಿದ್ದ, ಕುದುರೆಗಳು ಹರಾಜಾದವು. ಅದಕ್ಕೂ ಮುಂಚೆ, 1889ರಲ್ಲೇ, ಆ ಲಾಯದ ಮೆಸೌದ್ ಎಂಬ ಗಂಡು ಕುದುರೆಯನ್ನ ಬ್ರಿಟಿಷ್ ದಂಪತಿ ಬ್ಲಂಟ್ ಕೊಂಡಿದ್ದರು. ಅದು ಇಂಗ್ಲೆಂಡಿನ ಕ್ರ್ಯಾಬೆಟ್ ಸ್ಟಡ್ ಫಾರ್ಮ್ ಸೇರಿತು.

1898ರಲ್ಲಿ ಈಜಿಪ್ಟ್‌ನಲ್ಲಿ ಕೃಷಿ ಸಂಘ ಹುಟ್ಟಿತು. ಮುಂದೆ ಇದೇ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ. ಕೃಷಿ ಸಂಘಕ್ಕೆ ಕುದುರೆ ಯಾಕೆ ಅಂತೀರಾ? ದೇಶದ ನಾಟಿ ಕುದುರೆಗಳ ತಳಿ ಸುಧಾರಿಸೋದೂ ಅದರ ಕೆಲಸವೇ. 1908ರಲ್ಲಿ ಕುದುರೆ ವಿಭಾಗ ಶುರುವಾಯ್ತು. ಆದ್ರೆ ಹಳೇ ವಂಶದ ಎಷ್ಟೋ ಕುದುರೆಗಳು ಆಗಲೇ ಪರದೇಶದಲ್ಲಿದ್ದವು.

ಹಾಗಾಗಿ 1920ರಲ್ಲಿ ಸಂಘ ಕ್ರ್ಯಾಬೆಟ್‌ನಿಂದಲೇ ಕುದುರೆಗಳನ್ನು ಕೊಂಡು ತಂದಿತು. ಅವುಗಳಲ್ಲಿದ್ದ ಕಜ್ಮೀನ್, ಮೆಸೌದ್‌ನ ಮರಿಮೊಮ್ಮಗ. ಕಜ್ಮೀನ್‌ನ ಮಗಳಿಗೆ 1934ರಲ್ಲಿ ಹುಟ್ಟಿದ್ದೇ ನಜೀರ್.

1952ರ ಕ್ರಾಂತಿ ಬಂತು. ರಾಜ ಹೋದ, ಸಂಘದ ಹೆಸರಿನಿಂದ ‘ರಾಯಲ್’ ಹೋಯ್ತು. ಕೈರೋದ ಅಲ್ ಜಹ್ರಾ ಸ್ಟಡ್ ಫಾರ್ಮ್ ಮಾತ್ರ ಉಳೀತು. ನಜೀರ್‌ನ ಮಕ್ಕಳು ಜರ್ಮನಿ, ಅಮೆರಿಕ ಸೇರಿದರು. ಅಸ್ವಾನ್ ಎಂಬ ಮಗನನ್ನ 1963ರಲ್ಲಿ ಈಜಿಪ್ಟ್ ಸೋವಿಯತ್ ಒಕ್ಕೂಟಕ್ಕೆ ಉಡುಗೊರೆ ಕೊಟ್ಟಿತು, ಅಸ್ವಾನ್ ಅಣೆಕಟ್ಟು ಕಟ್ಟಲು ನೆರವಾಗಿದ್ದಕ್ಕೆ.

ಇಷ್ಟಕ್ಕೆಲ್ಲ ಕಾರಣ, ಯಾವ ಕುದುರೆ ಯಾರ ಮಗು ಅಂತ ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟ ವಂಶಾವಳಿ. ಅದಿಲ್ಲದಿದ್ರೆ ವಾಪಸ್ ತರೋಕೆ ಏನನ್ನ ಹುಡುಕ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ.