ಸಂಘದ ಪೆಟ್ಟಿಗೆಯಿಂದ ಅಳಿಸಿಹೋದ ಲೆಕ್ಕ ಮರಳಿ ಸಿಕ್ಕೀತೇ?

ಸದಸ್ಯರ ತೂಕದ ಚೀಟಿ, ಸಾಲದ ಬಾಕಿ, ಕ್ಯೂರಿಂಗಿಗೆ ಕೊಟ್ಟ ಪಾರ್ಚ್‌ಮೆಂಟು ಮತ್ತು ಚೆರಿಯ ಲೆಕ್ಕ, ರಾಶಿ, ಬೆಟ್ಟೆ, ಚಾಲಿಗಳ ಮಾರಾಟದ ವಿವರ ಇವೆಲ್ಲ ಹಿಂದೆ ದಪ್ಪ ರಟ್ಟಿನ ಪುಸ್ತಕಗಳಲ್ಲಿದ್ದುವು. ಈಗ ಎಷ್ಟೋ ಕಚೇರಿಗಳಲ್ಲಿ ಅವು ಮೂಲೆಯಲ್ಲಿ ಗುಂಯ್‌ಗುಡುವ ಒಂದು ಸಣ್ಣ ಪೆಟ್ಟಿಗೆಯೊಳಗೆ ಸೇರಿವೆ. ಅದಕ್ಕೆ 'ನ್ಯಾಸ್' ಎಂದು ಹೆಸರು. ಕಚೇರಿಯ ಎಲ್ಲ ಕಂಪ್ಯೂಟರುಗಳೂ ಅದರಲ್ಲೇ ಕಡತಗಳನ್ನು ಇಡುತ್ತವೆ, ಅದರಿಂದಲೇ ತೆಗೆಯುತ್ತವೆ. ಯಾರದೋ ಕೈತಪ್ಪಿನಿಂದ ಒಂದು ವರ್ಷದ ಕಡತ ಅಳಿಸಿಹೋದರೆ ನಷ್ಟ ಗುಮಾಸ್ತರದಲ್ಲ, ಬೆಳೆಗಾರರದು. ಆದುದರಿಂದ ಈ ವಿಷಯ ಸದಸ್ಯ ಬಾಂಧವರಿಗೂ ತಿಳಿದಿರುವುದು ಒಳ್ಳೆಯದು.

ಪೆಟ್ಟಿಗೆಯೊಳಗೆ ಎರಡೋ ನಾಲ್ಕೋ ಡಿಸ್ಕುಗಳಿರುತ್ತವೆ. ಅವನ್ನು ಒಂದುಗೂಡಿಸುವ ಕ್ರಮಕ್ಕೆ 'ರೇಯ್ಡ್' ಎನ್ನುತ್ತಾರೆ. ಅಮೆರಿಕದ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ೧೯೮೮ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂತು. ದುಬಾರಿಯ ದೊಡ್ಡ ಡಿಸ್ಕಿನ ಬದಲು ಅಗ್ಗದವು ಹಲವನ್ನು ಸೇರಿಸಿ ದುಡಿಸುವುದು ಅವರ ಆಲೋಚನೆ. 'ರೇಯ್ಡ್ ೧' ಎಂದರೆ ಎರಡು ಡಿಸ್ಕುಗಳಲ್ಲೂ ಒಂದೇ ಬರಹ. 'ರೇಯ್ಡ್ ೫'ರಲ್ಲಿ ಕನಿಷ್ಠ ಮೂರು ಡಿಸ್ಕು ಬೇಕು. ಬರಹವನ್ನು ತುಂಡು ಮಾಡಿ ಹಂಚಿ, ಜೊತೆಗೆ ಒಂದು ತಾಳೆಯ ಲೆಕ್ಕವನ್ನೂ ಬರೆದಿಡಲಾಗುತ್ತದೆ. ಒಂದು ಕಡೆ ೭ ಚೀಲ, ಇನ್ನೊಂದು ಕಡೆ ೫, ಮೂರನೆಯ ಕಡೆ ಒಟ್ಟು ೧೨ ಎಂದು ಬರೆದಿದ್ದರೆ, ಯಾವ ಒಂದು ಚೀಟಿ ಕಳೆದರೂ ಉಳಿದೆರಡರಿಂದ ಅದನ್ನು ತಿಳಿಯಬಹುದಲ್ಲವೇ? ಯಂತ್ರ ಕೂಡುವ ಬದಲು ಸರಿ-ಬೆಸ ನೋಡುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ರೇಯ್ಡ್ ಕಾಪಾಡುವುದು ಡಿಸ್ಕು ಕೆಟ್ಟಾಗ ಮಾತ್ರ. 'ಅಳಿಸು' ಎಂಬ ಆಜ್ಞೆ ಬಂದರೆ ಎರಡೂ ಡಿಸ್ಕುಗಳು ಅಷ್ಟೇ ವಿಧೇಯತೆಯಿಂದ ಅಳಿಸುತ್ತವೆ! ಪೆಟ್ಟಿಗೆ ಮಾರುವವರು ಈ ಮಾತನ್ನು ಒತ್ತಿ ಹೇಳುವುದು ಅಪರೂಪ.

ದೊಡ್ಡವರಿಗೂ ಈ ಸಂಕಟ ತಪ್ಪಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ ೨೦೨೧ರ ಡಿಸೆಂಬರಿನಲ್ಲಿ, ಹಳೆಯ ದಿನಚರಿ ಕಡತಗಳನ್ನು ತೆಗೆಯಲು ಬರೆದ ಆಜ್ಞಾಪಟ್ಟಿಯ ದೋಷದಿಂದ ಸುಮಾರು ೭೭ ಟೆರಾಬೈಟು, ಎಂದರೆ ೩ ಕೋಟಿ ೪೦ ಲಕ್ಷದಷ್ಟು ಕಡತಗಳು ಅಳಿದುವು. ೧೪ ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ೪ ತಂಡಗಳ ಕಡತಗಳನ್ನು ಮರಳಿಸಲಾಗಲಿಲ್ಲ.

ಹಾಗಾದರೆ ಅಳಿಸಿದ್ದು ಗೊತ್ತಾದ ಕೂಡಲೇ ಏನು ಮಾಡಬೇಕು? ಮೊದಲು, ಎಲ್ಲರೂ ಆ ಪೆಟ್ಟಿಗೆಗೆ ಬರೆಯುವುದನ್ನು ನಿಲ್ಲಿಸಬೇಕು. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಪುಸ್ತಕದ ಮುಂದಿರುವ ವಿಷಯಸೂಚಿ. ಒಳಗಿನ ಹಾಳೆಗಳು ಹೊಸ ಬರಹ ಬೀಳುವತನಕ ಹಾಗೆಯೇ ಇರುತ್ತವೆ. ಹೊಸ ಬರಹ ಬಿದ್ದ ಹಾಳೆಯನ್ನು ಯಾರೂ ಮರಳಿ ತರಲಾರರು. ಅನಂತರ ಪೆಟ್ಟಿಗೆಯ ಸ್ವಂತ ಕಸದಬುಟ್ಟಿಯನ್ನು ನೋಡಿರಿ. ನ್ಯಾಸ್‌ನಿಂದ ಅಳಿಸಿದ್ದು ನಿಮ್ಮ ಮೇಜಿನ ಕಂಪ್ಯೂಟರಿನ ಬುಟ್ಟಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಪೆಟ್ಟಿಗೆಯಲ್ಲೇ ಅಂಥ ಬುಟ್ಟಿಯ ಏರ್ಪಾಡು ಮಾಡಿದ್ದರೆ ಅಲ್ಲಿ ಸಿಗಬಹುದು. 'ಸ್ನ್ಯಾಪ್‌ಶಾಟ್' ಏರ್ಪಾಡಿದ್ದರೆ ಇನ್ನೂ ಒಳ್ಳೆಯದು; ನಿನ್ನೆಯ ಸ್ಥಿತಿಯೇ ಹಾಗೆಯೇ ದೊರೆಯುತ್ತದೆ.

ಎರಡೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ಕ್ರಮವಾಗಿ ಮುಚ್ಚಿ, ಪ್ರತಿ ಡಿಸ್ಕಿನ ಮೇಲೂ ಅದು ಇದ್ದ ಖಾನೆಯ ಸಂಖ್ಯೆ ಬರೆದು, ಬಲ್ಲವರಿಗೆ ಒಪ್ಪಿಸಬೇಕು. ಬಲ್ಲವರು ಮೂಲ ಡಿಸ್ಕನ್ನು ಮುಟ್ಟುವುದಿಲ್ಲ. 'ಡಿ.ಡಿ.ರೆಸ್ಕ್ಯೂ'ದಂಥ ಸಾಧನದಿಂದ ಪ್ರತಿಯೊಂದರ ಪೂರ್ಣ ನಕಲು ತೆಗೆದು, ನಕಲುಗಳನ್ನೇ ಓದಲು ಮಾತ್ರ ಬರುವಂತೆ ಜೋಡಿಸುತ್ತಾರೆ. ರೇಯ್ಡ್ ೫ರಲ್ಲಿ ಡಿಸ್ಕುಗಳ ಕ್ರಮ, ತುಂಡಿನ ಅಳತೆ ತಿಳಿಯದಿದ್ದರೆ ಸಿಗುವುದು ಚೂರುಗಳು ಮಾತ್ರ. ಬಳಿಕ 'ಫೋಟೋರೆಕ್' ಎಂಬ ಉಚಿತ ಸಾಧನ ಕಡತದ ಒಳಗಿನ ಗುರುತು ನೋಡಿ ಹೆಕ್ಕುತ್ತದೆ. ಅದರಲ್ಲಿ ಕಡತದ ಹೆಸರು ಬರುವುದಿಲ್ಲ. ಚದುರಿ ಬರೆದ ದೊಡ್ಡ ಕಡತ ಅರೆಬರೆಯಾಗಿ ಬರಬಹುದು. ಸಾವಿರಾರು ಹೆಸರಿಲ್ಲದ ಕಡತಗಳಲ್ಲಿ ಸಾಲದ ಖಾತೆ ಯಾವುದೆಂದು ಹುಡುಕುವ ಕೆಲಸ ಗುಮಾಸ್ತರದೇ. ತಿರುಗುವ ಡಿಸ್ಕಿನ ಬದಲು 'ಎಸ್.ಎಸ್.ಡಿ.' ಇದ್ದು, ಖಾಲಿ ಜಾಗ ಕೂಡಲೇ ಒರೆಸುವ ಏರ್ಪಾಡು ನಡೆಯುತ್ತಿದ್ದರೆ ಆಸೆ ಬಹಳ ಕಡಿಮೆ.

ಪರದೆಯ ಮೇಲೆ 'ಇನಿಷಿಯಲೈಸ್ ಮಾಡಲೇ?' ಎಂದು ಕೇಳಿದರೆ ಒಪ್ಪಬೇಡಿರಿ. ಒಂದು ಡಿಸ್ಕು ಕಿತ್ತು ಮತ್ತೆ ಹಾಕಿದರೆ ಹಳೆಯದು ಬರುತ್ತದೆಂಬ ಸಲಹೆಯನ್ನೂ ಕೇಳಬೇಡಿರಿ.

ಕೊಳೆರೋಗ ಕಂಡ ಮೇಲೆ ಬೋರ್ಡೊ ಹೊಡೆಯುವುದಕ್ಕಿಂತ ಮಳೆಗೆ ಮುಂಚೆ ಹೊಡೆಯುವುದು ಲೇಸೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಲೆಕ್ಕದ ೩ ಪ್ರತಿ, ೨ ಬಗೆಯ ಸಾಧನ, ೧ ಪ್ರತಿ ಬೇರೆ ಕಟ್ಟಡದಲ್ಲಿ ಎಂಬುದು ಬಲ್ಲವರ ಪದ್ಧತಿ. ವಾರಕ್ಕೊಮ್ಮೆ ಹೊರ ಡಿಸ್ಕಿಗೆ ನಕಲು ಮಾಡಿ, ಅದನ್ನು ಬಿಡಿಸಿ ತೆಗೆದಿಡಬೇಕು. ಸದಾ ಜೋಡಿಸಿಯೇ ಇದ್ದರೆ ಅದೂ ಜೊತೆಗೇ ಅಳಿಯಬಹುದು. ಆ ನಕಲಿನಿಂದ ಒಂದು ಕಡತವನ್ನಾದರೂ ತೆರೆದು ನೋಡಿದ್ದೀರಾ ಎಂದು ಮಹಾಸಭೆಯಲ್ಲಿ ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ತೂಕದ ಚೀಟಿಯ ನಿಮ್ಮ ಪ್ರತಿಯನ್ನು ಮಾತ್ರ ಎಸೆಯಬೇಡಿರಿ. ಕಡತ ಮರಳದಿದ್ದರೆ ಲೆಕ್ಕವನ್ನು ಮತ್ತೆ ಬರೆಯುವುದು ಆ ಚೀಟಿಗಳಿಂದಲೇ.